ಮುರುಗೆಪ್ಪನವರ ಐದು ಮಂದಿ

ನಾನು ಗಣಿತದಲ್ಲಿ ಆನರ್ಸ್ ಮಾಡಿದವನು. ಮೂರನೆಯ ವರ್ಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ನಾನು ದುಡಿಯುವ ವಿಮಾ ಕಂಪನಿಗೆ ಬಂದು ನನ್ನ ಮೇಜು ನೋಡಿದವರು ಹೇಗೂ ಊಹಿಸುತ್ತಾರೆ. ಕೆಲಸಕ್ಕೆ ಸೇರಿದಾಗ ಜನರ ಕಂತುಗಳನ್ನು ಕೂಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಹೋದ ವರ್ಷ ಕೂಡಿಸುವ ಯಂತ್ರ ಬಂದಿತು. ಈಗ ನಾನು ಅದರ ಹಿಡಿಕೆ ತಿರುಗಿಸುತ್ತೇನೆ. ಓದಿದ ಕೈ, ಹದವಾಗಿ ತಿರುಗಿಸುತ್ತದೆ ಎಂದು ಹೆಡ್ ಕ್ಲಾರ್ಕರು ಒಮ್ಮೆ ಹೊಗಳಿದರು. ಆ ಹೊಗಳಿಕೆಯನ್ನು ಧಾರವಾಡದ ಮನೆಗೆ ಬರೆದು ತಿಳಿಸಬೇಕೆಂದುಕೊಂಡು ಬಿಟ್ಟೆ.

ಮುರುಗೆಪ್ಪ ಹಂಚಿನಾಳ ಅವರ ಹೆಸರನ್ನು ನೀವು ಕೇಳಿರುವುದಿಲ್ಲ. ಅವರು ಏನನ್ನೂ ಸಾಧಿಸಲಿಲ್ಲ. ಸಾಧಿಸಿದವರ ಬಗ್ಗೆ ಬರೆಯಲು ಬೇರೆ ಜನ ಇದ್ದಾರೆ, ಅವರ ಅಕ್ಷರವೂ ಚೆನ್ನಾಗಿರುತ್ತದೆ. ಮುರುಗೆಪ್ಪನವರು ನಮ್ಮ ಕಾಲೇಜಿನಲ್ಲಿ ಫೆಲೋ ಆಗಿದ್ದರು. ಫೆಲೋ ಎಂದರೆ ಬಿ.ಎ. ಮುಗಿಸಿ, ಎಂ.ಎ.ಗೆ ಓದುತ್ತಾ, ದೊಡ್ಡ ಪ್ರೊಫೆಸರು ಬಾರದ ದಿನ ಪಾಠ ಹೇಳುವವನು. ಪ್ರೊಫೆಸರು ಬಂದ ದಿನ ಸೀಮೆಸುಣ್ಣ ತಂದುಕೊಡುವವನು.

ಅವರ ಹುಟ್ಟೂರು ಬೈಲಹೊಂಗಲದ ಹತ್ತಿರದ ಒಂದು ಹಳ್ಳಿ. ದೊಡ್ಡ ಜ್ವರದ ವರ್ಷ ತಂದೆ ತಾಯಿ ಇಬ್ಬರೂ ಹೋದರು. ಸೋದರಮಾವ ಮಲಕಪ್ಪನವರು ಪುಣೆಯ ಭವಾನಿ ಪೇಠದಲ್ಲಿ ಬೆಲ್ಲದ ವ್ಯಾಪಾರಿ. ಅವರು ಹುಡುಗನನ್ನು ಕರೆತಂದು ಅಂಗಡಿಯ ಅಟ್ಟದ ಮೇಲೆ ಮಲಗಲು ಜಾಗ ಕೊಟ್ಟರು. ಹೊಡೆಯಲಿಲ್ಲ, ಬಯ್ಯಲಿಲ್ಲ, ಶಾಲೆಗೆ ಹಾಕಿದರು. ಮನೆಯಲ್ಲಿ ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಅತ್ತೆ ಕಲ್ಲವ್ವ ಹೇಳುತ್ತಿದ್ದ ಮಾತು ಒಂದೇ ಅಂತೆ: "ಏಳು ಮಂದಿ ಅದೀವ್ರಿ. ಮತ್ತ ಮುರುಗ್ಯಾ."

ಇದನ್ನು ಮುರುಗೆಪ್ಪನವರು ನನಗೆ ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಹವೆಯ ಬಗ್ಗೆ ಹೇಳಿದಂತೆ ಹೇಳಿದರು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿದರು. ಅವರು ಆನರ್ಸ್ ವರ್ಗಕ್ಕೆ ಮೊದಲ ದಿನ ಹೋಗಿ ಬಾಗಿಲ ಹತ್ತಿರ ನಿಂತಿದ್ದಾಗ ಪ್ರೊಫೆಸರು ತಲೆಯೆತ್ತಿ ನೋಡಿ, ಐದು ಮಂದಿ ಆದಿರಿ, ಕುಳಿತುಕೊಳ್ಳಿ, ಶುರು ಮಾಡೋಣ ಎಂದರಂತೆ.

"ನನ್ನೂ ಹಿಡದು ಐದು ಅಂದ್ರು ನೋಡ್ರಿ ಈರಣ್ಣ," ಎಂದರು ಮುರುಗೆಪ್ಪನವರು. "ಅವತ್ತಿಂದ ನಾ ಆ ಖೋಲಿ ಬಿಟ್ಟಿಲ್ಲ. ನನಗ ಬ್ಯಾರೆ ಜಾಗಾ ಇಲ್ಲ."

ಈರಣ್ಣ ನಾನೇ. ವರ್ಗದಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ಇಂಥವೆಲ್ಲ ನನ್ನ ಕಿವಿಗೆ ಬೀಳುತ್ತಿದ್ದವು. ಕೇಳಿ ನನಗೆ ಏನನ್ನಿಸಿತು ಎಂದರೆ, ಏನೂ ಅನ್ನಿಸಲಿಲ್ಲ. ಮರುದಿನ ಪರೀಕ್ಷೆ ಇತ್ತು.

ಮೂವತ್ತನಾಲ್ಕನೆಯ ಇಸವಿಯ ಜೂನ್‌ನಲ್ಲಿ ಗಣಿತದ ಆನರ್ಸ್‌ಗೆ ಎಂಟು ಮಂದಿ ಸೇರಿದೆವು. ಸೇರುವುದು ಸುಲಭ, ಉಳಿಯುವುದು ಕಷ್ಟ. ಸಾದಾ ಬಿ.ಎ. ಮಾಡಿದವನಿಗೂ ಆನರ್ಸ್ ಮಾಡಿದವನಿಗೂ ಪುಣೆಯ ಕಚೇರಿಗಳು ಒಂದೇ ಕುರ್ಚಿ ಕೊಡುತ್ತವೆ ಎಂಬುದು ಗಣೇಶ ಚತುರ್ಥಿಯ ಹೊತ್ತಿಗೆ ಎಲ್ಲರಿಗೂ ತಿಳಿದುಬಿಡುತ್ತದೆ. ಒಬ್ಬೊಬ್ಬರೇ ಜಾರಿ ಸಾದಾ ವರ್ಗಕ್ಕೆ ಹೋಗುತ್ತಾರೆ. ಪ್ರತಿ ವರ್ಷವೂ ಹೀಗೇ. ಆ ವರ್ಷ ಪ್ರಿನ್ಸಿಪಾಲರು ಮುರುಗೆಪ್ಪನವರನ್ನು ಕರೆದು ಒಂದು ಮಾತು ಹೇಳಿದರು: ಹೊಸ ವರ್ಷದ ಹೊತ್ತಿಗೆ ಐದು ವಿದ್ಯಾರ್ಥಿಗಳು ಉಳಿದಿದ್ದರೆ ಮಾತ್ರ ವರ್ಗ ನಡೆಯುತ್ತದೆ, ಇಲ್ಲದಿದ್ದರೆ ಉಳಿದವರನ್ನು ಹೊಳೆಯಾಚೆಯ ಕಾಲೇಜಿಗೆ ಪಾಠಕ್ಕೆ ಕಳಿಸುತ್ತೇವೆ. ವರ್ಗವಿಲ್ಲದ ಮೇಲೆ ಫೆಲೋ ಯಾಕೆ?

ಮಲಕಪ್ಪನವರಿಗೆ ಇದು ಸಿಹಿ ಸುದ್ದಿ. ನಾನು ಒಮ್ಮೆ ಅಂಗಡಿಗೆ ಹೋಗಿದ್ದಾಗ ಗಾದಿಯ ಮೇಲೆ ಒರಗಿಕೊಂಡೇ ಹೇಳಿದರು: "ಲೇ ಮುರುಗ್ಯಾ, ಆ ಸಾಲಿ ಮುಚ್ಚಿದ್ರ ಅಳಬ್ಯಾಡ. ಈ ಗಾದೀ ಮ್ಯಾಲೆ ನನ್ನ ಬಗಲಾಗ ಜಾಗಾ ಅದ. ಬೆಲ್ಲ ಯಾವಾಗೂ ಫೇಲ್ ಆಗಂಗಿಲ್ಲ."

ಮುರುಗೆಪ್ಪನವರು "ಹೌದ್ರಿ ಮಾವಾ" ಎಂದರು. ಎಲ್ಲದಕ್ಕೂ ಅವರದು ಅದೇ ಉತ್ತರ.

ವಿದ್ಯಾರ್ಥಿಗಳನ್ನು ಒಂದುಗೂಡಿಸಿ ಇಟ್ಟುಕೊಳ್ಳಬಲ್ಲ ಯಾವ ಗುಣವೂ ಅವರಲ್ಲಿರಲಿಲ್ಲ. ಅವರು ನಗಿಸುತ್ತಿರಲಿಲ್ಲ. ಹಾಡು ಬರುತ್ತಿರಲಿಲ್ಲ. ದೇಶದ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ. ಮಾತಿಗೆ ನಿಂತರೆ ಎದುರಿನವರ ಭುಜದಾಚೆ ನೋಡುತ್ತಿದ್ದರು. ಅವರು ಮಾಡಿದ್ದು ಒಂದೇ ಕೆಲಸ: ಶನಿವಾರ ಕಡೆಯ ತಾಸು ಮುಗಿದ ಮೇಲೆ ಮೇಜಿನ ಮೇಲೆ ಹಳೆಯ ವರ್ತಮಾನಪತ್ರ ಹಾಸಿ, ಒಂದು ಚೀಲ ಚುರಮುರಿ ಸುರಿಯುವುದು.

ಚುರಮುರಿಯೇ ಯಾಕೆ ಎಂದರೆ, ನಾವೆಲ್ಲ ಬೇರೆ ಬೇರೆ ಮನೆಗಳಿಂದ, ಬೇರೆ ಬೇರೆ ಖಾನಾವಳಿಗಳಿಂದ ಬಂದವರು. ಪಂಢರಿನಾಥ ಕಸಬಾ ಪೇಠದ ಪುರೋಹಿತರ ಮಗ. ಅವಧೂತ ಸಾತಾರೆಯ ಕಡೆಯ ಮರಾಠಾ. ಗೋದಾ ಶನಿವಾರ ಪೇಠದ ವಕೀಲರ ಮಗಳು, ವರ್ಗದಲ್ಲಿ ಒಬ್ಬಳೇ ಹುಡುಗಿ. ನಾವಿಬ್ಬರು ಲಿಂಗಾಯತರು. ಒಬ್ಬರ ಖಾನಾವಳಿಯ ಪಂಕ್ತಿಯಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಆದರೆ ಒಣಗಿ ಹುರಿದ, ನೀರು ಬೀಳದ ಪದಾರ್ಥಕ್ಕೆ ಮೈಲಿಗೆ ಇಲ್ಲ. ಇದನ್ನು ಪಂಢರಿನಾಥನ ಅಜ್ಜಿಯೂ ಒಪ್ಪುತ್ತಿದ್ದರು. ಮುರುಗೆಪ್ಪನವರು ಈರುಳ್ಳಿ ಹೆಚ್ಚಲಿಲ್ಲ, ಎಣ್ಣೆ ಹಾಕಲಿಲ್ಲ. ಒಂದು ಹಿಡಿ ಪುಟಾಣಿ ಕಡಲೆ ಬೆರೆಸಿದರು, ಅಷ್ಟೆ. ಕೈಯಿಂದ ಎತ್ತಿ ಬಾಯಿಗೆ ಎಸೆದುಕೊಳ್ಳಬೇಕು, ತುಟಿಗೆ ತಾಗಿಸಬಾರದು.

ಮೊದಲ ಶನಿವಾರ ಬಹಳ ಹೊತ್ತು ಚುರಮುರಿಯ ಸದ್ದು ಮಾತ್ರ. ನಮ್ಮ ನಡುವಿನ ಮಾತು ಮರಾಠಿಯಲ್ಲಿ ನಡೆಯುತ್ತಿತ್ತು. ನನ್ನ ನೆನಪಿನಲ್ಲಿ ಅದು ಧಾರವಾಡದ ಕನ್ನಡವಾಗಿ ಉಳಿದಿದೆ, ಹಾಗೇ ಬರೆಯುತ್ತೇನೆ.

"ಸರ್, ಇದು ತಿನ್ನೂದು ಅಭ್ಯಾಸಕ್ರಮದಾಗ ಅದ ಏನು?" ಎಂದ ಪಂಢರಿನಾಥ.

"ಇಲ್ರಿ."

"ಹಂಗಾದ್ರ ಈರಣ್ಣ ಇದರಾಗ ಪಾಸ್ ಆಗ್ತಾನ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಗೋದಾ ನಗಲಿಲ್ಲ. ಅವಳು ಕಿಟಕಿಯ ಹತ್ತಿರ ಹೆಂಗಸರ ಬೆಂಚಿನ ಮೇಲೆ ಕುಳಿತು, ತನ್ನ ಪಾಲನ್ನು ಕಾಗದದ ಮೇಲೆ ಹಾಕಿಸಿಕೊಂಡು, "ಅವ ಮೂರನೇ ವರ್ಗದಾಗ ಪಾಸ್ ಆಗ್ತಾನ" ಎಂದಳು. ಗೋದಾ ಲೆಕ್ಕದಲ್ಲಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಹೀಗೆ ಶನಿವಾರಗಳು ಕಳೆದವು. ನಾವು ಸ್ನೇಹಿತರಾದೆವು ಎಂದು ಹೇಳಲಾರೆ. ಅವಧೂತನಿಗೆ ಎಷ್ಟು ಜನ ಅಣ್ಣತಮ್ಮಂದಿರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಒಂದು ಶನಿವಾರ ಜ್ವರ ಬಂದು ನಾನು ಮಲಗಿದ್ದಾಗ ಅವನು ಒಂದು ಪೊಟ್ಟಣ ತಂದು ನನ್ನ ಹೊಸ್ತಿಲ ಮೇಲಿಟ್ಟು, "ನಿನ್ನ ಪಾಲು" ಎಂದು ಹೇಳಿ ಒಳಗೆ ಬಾರದೆ ಹೋದ. ಜ್ವರದ ಬಾಯಿಗೆ ಚುರಮುರಿ ಮರಳಿನ ಹಾಗೆ ಇತ್ತು. ತಿಂದೆ.

ಇಷ್ಟಾದರೂ ಜನ ಜಾರಿದರು. ದಸರೆಗೆ ಮೂವರು ಹೋದರು. ದೀಪಾವಳಿ ಮುಗಿಸಿ ಬಂದಾಗ ಕೊಲ್ಹಾಪುರದ ತಾತ್ಯಾ ಎಂಬವನೂ ಸಾದಾ ವರ್ಗದಲ್ಲಿ ಕುಳಿತಿದ್ದ. ಅದಾದ ವಾರ ಪ್ರಿನ್ಸಿಪಾಲರು ಮುರುಗೆಪ್ಪನವರನ್ನು ಕಾಲೇಜಿನ ಪಡಸಾಲೆಯಲ್ಲೇ ನಿಲ್ಲಿಸಿ, ಎಷ್ಟು ಮಂದಿ ಇದ್ದೀರಿ ಎಂದು ಕೇಳಿದರಂತೆ. ಇವರು ಐದು ಎಂದರಂತೆ. ಸರಿ, ಹಾಗಾದರೆ ನಡೆಯಲಿ ಎಂದು ಅವರು ಹೊರಟುಹೋದರಂತೆ. ವರ್ಗ ಉಳಿಯಿತು ಎಂದು ಮುರುಗೆಪ್ಪನವರು ನಮಗೆ ಬಂದು ಹೇಳಿದರು. ನಾವು ಒಳ್ಳೆಯದಾಯಿತು ಎಂದೆವು. ನಾವು ಗಣಿತದ ಆನರ್ಸ್ ವಿದ್ಯಾರ್ಥಿಗಳು, ಅಕ್ಕಪಕ್ಕ ನೋಡಿ ಎಣಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಾರ್ಗಶಿರದಲ್ಲಿ ಚಂಪಾಷಷ್ಠಿ ಬಂತು. ಮಲಕಪ್ಪನವರು ಪ್ರತಿ ವರ್ಷ ಆ ದಿನ ಜೇಜುರಿಯ ಖಂಡೋಬನಿಗೆ ಬೆಲ್ಲ ಕಳಿಸುತ್ತಿದ್ದರು. ನಮ್ಮ ಕಡೆಯವರಿಗೆ ಅವನು ಮೈಲಾರಲಿಂಗ. ಬೆಲ್ಲ ಒಯ್ಯುವ ಕೆಲಸ ಮುರುಗೆಪ್ಪನವರದು. ವರ್ಗ ಉಳಿದ ಲೆಕ್ಕಕ್ಕೆ ಎಲ್ಲರೂ ಕೂಡಿ ಹೋಗಿ ತಳಿ ಎತ್ತಿಬರೋಣ ಎಂದರು. ಅವರ ಬಾಯಿಂದ ಬಂದ ಏಕೈಕ ಉತ್ಸಾಹದ ಮಾತು ಅದು. ಬೇಡವೆನ್ನಲು ನಮಗೆ ಕಾರಣ ಸಿಗಲಿಲ್ಲ. ಗೋದಾಳ ಸೋದರತ್ತೆ ದೇವರ ದರ್ಶನಕ್ಕೆಂದು ಜೊತೆಗೆ ಬಂದರು. ಅವರು ದರ್ಶನ ಮಾಡಬೇಕಾಗಿದ್ದುದು ನಮ್ಮನ್ನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಜೇಜುರಿಗೆ ಹೋಗುವುದೂ ಬೆಳಗಾವಿ, ಧಾರವಾಡಕ್ಕೆ ಹೋಗುವುದೂ ಒಂದೇ ರೈಲು. ಇಳಿಯದೆ ಕುಳಿತಿದ್ದರೆ ನಾನು ಮನೆ ಮುಟ್ಟುತ್ತಿದ್ದೆ. ಅವಧೂತ ನನ್ನ ತೋಳು ಹಿಡಿದು ಇಳಿಸಿದ.

ಬೆಟ್ಟವೆಲ್ಲ ಹಳದಿ. ಭಂಡಾರ ಎನ್ನುವ ಅರಿಸಿನದ ಪುಡಿಯನ್ನು ಜನ ಮುಷ್ಟಿ ಮುಷ್ಟಿ ಎರಚುತ್ತಿದ್ದರು. ಮೆಟ್ಟಿಲು ಹತ್ತುವಷ್ಟರಲ್ಲಿ ಪುರೋಹಿತನ ಮಗ ಯಾರು, ಬೆಲ್ಲದವರ ಅಳಿಯ ಯಾರು ಎಂಬುದು ಬಣ್ಣದಿಂದ ತಿಳಿಯುವಂತಿರಲಿಲ್ಲ. ಗುಡಿಯ ಅಂಗಳದಲ್ಲಿ ಒಬ್ಬ ವಾಘ್ಯಾ ಕುಳಿತಿದ್ದ. ನಮ್ಮಲ್ಲಿ ಗೊರವ ಎನ್ನುತ್ತೇವಲ್ಲ, ಹಾಗೆ ದೇವರಿಗೆ ಬಿಟ್ಟ ಮನುಷ್ಯ. ಅವನು ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯದೆಲೆ, ಕೊಬ್ಬರಿ, ಭಂಡಾರ ಇಟ್ಟು, ಮುರುಗೆಪ್ಪನವರು ಕೊಟ್ಟ ಬೆಲ್ಲದ ಚೂರು ಇಟ್ಟ. ತಳಿ ಎಂದರೆ ಈ ತಟ್ಟೆ. ಐದು ಮಂದಿ ಸುತ್ತ ಕುಳಿತು, ಕೆಳಗೆ ಕೈಯಿಟ್ಟು, ದೇವರ ಹೆಸರು ಕೂಗುತ್ತಾ ಮೂರು ಸಲ ಎತ್ತಿ ಇಳಿಸಬೇಕು.

"ಪಾಚಜಣ ಬಸಾ," ಎಂದ ವಾಘ್ಯಾ. ಐದು ಮಂದಿ ಕುಳಿತುಕೊಳ್ಳಿ.

ನಾವು ಕೂತೆವು. ಮುರುಗೆಪ್ಪನವರು, ಪಂಢರಿನಾಥ, ಅವಧೂತ, ನಾನು, ಗೋದಾ. ವಾಘ್ಯಾ ಗೋದಾಳ ಕಡೆ ನೋಡಿ ತಲೆಯಾಡಿಸಿದ. ಹೆಂಗಸರು ತಳಿಗೆ ಕೈ ಹಚ್ಚುವುದಿಲ್ಲವಂತೆ.

"ನನ್ನ ಕೈಗೂ ಬೆರಳು ಐದೇ ಅದಾವ," ಎಂದಳು ಗೋದಾ.

"ಇರಬಹುದು ತಾಯಿ. ದೇವರಿಗೆ ನಡೆಯಂಗಿಲ್ಲ."

"ದೇವರು ಎಣಿಸಿ ನೋಡ್ತಾನೇನು?"

"ನಾ ಎಣಿಸ್ತೀನಿ," ಎಂದ ವಾಘ್ಯಾ, ಸ್ವಲ್ಪವೂ ಬೇಸರವಿಲ್ಲದೆ.

ಸೋದರತ್ತೆ ಗೋದಾಳ ಸೆರಗು ಜಗ್ಗಿದರು. ಅವಳು ಎದ್ದು ಹಿಂದೆ ಸರಿದಳು. ಆ ಜಾಗ ಖಾಲಿಯಾಯಿತು. ಮುರುಗೆಪ್ಪನವರು ಖಾಲಿ ಜಾಗವನ್ನೇ ನೋಡುತ್ತಾ ಕುಳಿತರು. ಅಷ್ಟರಲ್ಲಿ ಅಥಣಿಯ ಕಡೆಯ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ, ನಾನು ಮುರುಗೆಪ್ಪನವರಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ನಿಂತ.

"ಯಾಕ್ರಿ ತಮ್ಮಾ, ಒಬ್ಬ ಕಡಿಮಿ ಬಿದ್ದಾನೇನು?"

"ಹೌದ್ರಿ," ಎಂದರು ಮುರುಗೆಪ್ಪನವರು.

"ಅದಕ್ಯಾಕ ಮಾರೀ ಸಣ್ಣದು ಮಾಡ್ಕೊಂಡು ಕುಂತೀರಿ. ಸರೀರಿ." ಅವನು ಕುಳಿತು ತಟ್ಟೆಯ ಕೆಳಗೆ ಕೈ ಕೊಟ್ಟ. ವಾಘ್ಯಾ "ಯೇಳಕೋಟ ಯೇಳಕೋಟ" ಎಂದರೆ ನಾವು "ಜಯ ಮಲ್ಹಾರ" ಎಂದೆವು. ಮುದುಕ ಮಾತ್ರ "ಏಳುಕೋಟಿಗೋ" ಎಂದು ಒಬ್ಬನೇ ಕೂಗಿದ. ತಳಿ ಮೂರು ಸಲ ಮೇಲೆ ಹೋಗಿ ಕೆಳಗೆ ಬಂತು. ಮುದುಕ ನಮ್ಮೆಲ್ಲರ ಹಣೆಗೆ ಭಂಡಾರ ಹಚ್ಚಿ, ಗೋದಾಳಿಗೂ ಹಚ್ಚಿ, ಹೆಸರು ಹೇಳದೆ, ಕೇಳದೆ ಹೋದ.

ಮರಳುವ ರೈಲಿನಲ್ಲಿ ಸೋದರತ್ತೆ ನಿದ್ದೆ ಹೋದರು. ಗೋದಾ ಹಣೆಯ ಅರಿಸಿನ ಒರೆಸಿಕೊಳ್ಳುತ್ತಾ ಮುರುಗೆಪ್ಪನವರ ಕಡೆ ತಿರುಗಿದಳು.

"ಸರ್, ಗುಡಿಯಾಗ ನನ್ನ ಬಿಟ್ಟ ಮ್ಯಾಲೆ ನಾಲ್ಕ ಆದ್ರಿ."

"ಹೌದ್ರಿ."

"ಅದರಾಗ ನೀವೂ ಬಂದ್ರಿ."

"ಹೌದ್ರಿ."

"ಮತ್ತ ಪ್ರಿನ್ಸಿಪಾಲರಿಗೆ ಐದು ಅಂತ ಹೇಳೀರಿ. ಅವು ಯಾವ ಐದು?"

ಮುರುಗೆಪ್ಪನವರು ಬೆರಳು ಮಡಿಚಿದರು. "ಪಂಢರಿನಾಥ. ಅವಧೂತ. ಈರಣ್ಣ. ನೀವು." ಹೆಬ್ಬೆರಳು ಉಳಿಯಿತು. ಅದನ್ನೂ ಮಡಿಚಿದರು. "ನಾನು."

ಅವರು ಸುಳ್ಳು ಹೇಳಿರಲಿಲ್ಲ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಆ ಕೋಣೆಯಲ್ಲಿ ಎಷ್ಟು ಮಂದಿ ಎಂದು ಕೇಳಿದ್ದಕ್ಕೆ ಎಷ್ಟು ಮಂದಿಯೋ ಅಷ್ಟು ಹೇಳಿದ್ದರು. ತಾವು ಆ ಎಣಿಕೆಯ ಹೊರಗೆ ಎಂಬುದು ಅವರ ತಲೆಗೆ ಬಂದೇ ಇರಲಿಲ್ಲ.

"ಫೆಲೋನ ಹಿಡಿಯಂಗಿಲ್ಲ ಸರ್," ಎಂದ ಪಂಢರಿನಾಥ. ಯಾವಾಗಲೂ ಚೇಷ್ಟೆ ಮಾಡುವವನು ಅದನ್ನು ಬಹಳ ಮೆಲ್ಲಗೆ ಹೇಳಿದ.

"ಹೌದ್ರಿ," ಎಂದರು ಮುರುಗೆಪ್ಪನವರು. "ಅದು ನನಗ ಹೊಳೀಲಿಲ್ಲ."

"ಹೇಳಬ್ಯಾಡ್ರಿ," ಎಂದ ಅವಧೂತ. "ಯಾರೂ ಬಂದು ಎಣಿಸಂಗಿಲ್ಲ."

ಮುರುಗೆಪ್ಪನವರು ಕಿಟಕಿಯಾಚೆ ನೋಡಿದರು. ಹೊರಗೆ ಜೋಳದ ಹೊಲ, ಅದರಾಚೆ ಇನ್ನೊಂದು ಜೋಳದ ಹೊಲ. ಪುಣೆ ಬರುವವರೆಗೂ ಅವರು ಅದನ್ನೇ ನೋಡಿದರು.

ಸೋಮವಾರ ಅವರು ಮೊದಲು ತಾತ್ಯಾನನ್ನು ಹುಡುಕಿಕೊಂಡು ಹೋದರು. ನಾನು ಜೊತೆಗಿದ್ದೆ. ಅವನು ತನ್ನ ಕೋಣೆಯ ಮುಂದೆ ಹಲ್ಲುಜ್ಜುತ್ತಿದ್ದ. ಮುರುಗೆಪ್ಪನವರು ತಮ್ಮ ವಿಷಯ ಹೇಳಲೇ ಇಲ್ಲ. "ತಾತ್ಯಾ, ಮತ್ತ ಬರ್ತೀರೇನು?" ಎಂದರು. ಅವನು ಬಾಯಿ ತೊಳೆದು, ಮುಂದಿನ ತಿಂಗಳು ಮದುವೆ ಇದೆ ಸರ್, ಮಾವನವರು ರೆವಿನ್ಯೂ ಕಚೇರಿಯಲ್ಲಿ ಮಾತಾಡಿದ್ದಾರೆ, ಆನರ್ಸ್ ಓದುತ್ತಾ ಕೂತರೆ ಆ ಜಾಗ ಹೋಗುತ್ತದೆ ಎಂದ. "ಒಳ್ಳೇದಾತು," ಎಂದರು ಇವರು. ಎರಡನೆಯ ಸಲ ಕೇಳಲಿಲ್ಲ. ನಾನಾದರೂ ಕೇಳಬಹುದಾಗಿತ್ತು. ಆದರೆ ನನ್ನ ಮಾತಿಗೆ ಯಾರಾದರೂ ಮದುವೆ ಮುಂದಕ್ಕೆ ಹಾಕಿದ ಉದಾಹರಣೆ ಇರಲಿಲ್ಲ.

ಅಲ್ಲಿಂದ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ನಾನು ಬಾಗಿಲಲ್ಲಿ ನಿಂತೆ.

"ವಿದ್ಯಾರ್ಥಿಗಳು ನಾಲ್ಕೇ ಮಂದಿ ಇದ್ದಾರೆ, ಸರ್," ಎಂದರು ಮುರುಗೆಪ್ಪನವರು.

"ನೀವು ಐದು ಅಂದಿದ್ದಿರಿ. ಒಬ್ಬ ಯಾವಾಗ ಬಿಟ್ಟ?"

"ಯಾರೂ ಬಿಟ್ಟಿಲ್ಲ. ನಾನು ನನ್ನನ್ನೂ ಹಿಡಿದು ಹೇಳಿದ್ದೆ."

ಪ್ರಿನ್ಸಿಪಾಲರು ಕೆಟ್ಟ ಮನುಷ್ಯರಲ್ಲ. "ಹಂಚಿನಾಳ, ನೀವು ಗಣಿತದವರು," ಎಂದರು.

"ಹೌದ್ರಿ."

ಆ ಮಾತನ್ನು ಪ್ರಿನ್ಸಿಪಾಲರು ಅಷ್ಟಕ್ಕೇ ಬಿಟ್ಟರು. ಬಯ್ಯಲಿಲ್ಲ. ಜನವರಿಯಿಂದ ನಾವು ನಾಲ್ವರು ಹೊಳೆಯಾಚೆಯ ಕಾಲೇಜಿಗೆ ಹೋಗಬೇಕು, ಪರೀಕ್ಷೆಗೆ ಹೆಸರು ಇಲ್ಲಿಂದಲೇ ಹೋಗುತ್ತದೆ ಎಂದರು. ಮುರುಗೆಪ್ಪನವರು ತಮ್ಮ ಬಗ್ಗೆ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಮುರುಗೆಪ್ಪನವರು ಭವಾನಿ ಪೇಠದಲ್ಲಿ ಮಾವನ ಬಗಲಿಗೆ ಕೂರುತ್ತಾರೆ. ಎಂ.ಎ. ಹಾಗೇ ಉಳಿಯಿತು. ಮೊನ್ನೆ ಹೋದಾಗ ಬೆಲ್ಲದ ಪೆಂಟೆಗೆ ಬೆರಳಿನ ಗಿಣ್ಣಿನಿಂದ ಬಡಿದು ಒಳಗಿನ ಹದ ಹೇಗೆ ತಿಳಿಯುವುದೆಂದು ತೋರಿಸಿದರು. ಚೆನ್ನಾಗಿದ್ದೀರಾ ಎಂದೆ. ಹೌದ್ರಿ ಎಂದರು.

ಹೊಳೆಯಾಚೆಯ ಕಾಲೇಜಿಗೆ ನಾವು ಮೊದಲು ಹೋದ ದಿನ ಅವರು ಬರಬೇಕಾದ ಅಗತ್ಯವಿರಲಿಲ್ಲ. ಬಂದರು. ಹೊಳೆಯ ಸೇತುವೆಯಾದ ಲಕಡಿ ಪೂಲಿನ ಈ ತುದಿಯಲ್ಲಿ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ನಿಂತಿದ್ದರು. ಐವರೂ ಪೂಲು ದಾಟಿದೆವು. ಆ ಕಾಲೇಜಿನ ಫೆಲೋ ಗೇಟಿನ ಹತ್ತಿರ ಕಾಯುತ್ತಿದ್ದ. ನನಗಿಂತ ಎರಡೋ ಮೂರೋ ವರ್ಷ ದೊಡ್ಡವನು, ಹೊಸ ಪಂಪ್ ಶೂ. ಮುರುಗೆಪ್ಪನವರು ಅವನನ್ನು ಸ್ವಲ್ಪ ಬದಿಗೆ ಕರೆದರು. ಅವರಿಗೆ ಪಿಸುಮಾತು ಬರುತ್ತಿರಲಿಲ್ಲ, ಹಾಗಾಗಿ ನಮಗೆಲ್ಲ ಕೇಳಿಸಿತು.

"ಗೋದಾಬಾಯೀಗೆ ಫಳಾದ ಮ್ಯಾಲೆ ಬರದದ್ದು ದೂರಿಂದ ಕಾಣಂಗಿಲ್ಲ, ಆಕಿ ಹೇಳಂಗಿಲ್ಲ. ಮುಂದ ಕೂಡಸ್ರಿ. ಪಂಢರಿನಾಥ ತಿಳೀದಿದ್ರೂ ಗೋಣು ಹಾಕ್ತಾನ, ಇನ್ನೊಮ್ಮೆ ಕೇಳ್ರಿ. ಅವಧೂತ ತಪ್ಪು ಮಾಡಿದ್ರ ಎಲ್ಲಾರ ಮುಂದ ಹೇಳಬ್ಯಾಡ್ರಿ, ಆಮ್ಯಾಲೆ ವಾರಗಟ್ಟಲೆ ಬರಂಗಿಲ್ಲ."

"ಮತ್ತ ಇವರು?" ಎಂದ ಆ ಫೆಲೋ, ನನ್ನ ಕಡೆ ತೋರಿಸಿ.

ಮುರುಗೆಪ್ಪನವರು ನನ್ನ ಭುಜದಾಚೆ ನೋಡಿದರು. "ಈರಣ್ಣನ ಲೆಕ್ಕ ಅಷ್ಟಕ್ಕಷ್ಟರಿ. ಆದ್ರ ದಿನಾ ಬರ್ತಾನ. ಇವರು ಮೂವರೂ ಬಾಗಲ ದಾಟಿದ ಕೂಡ್ಲೆ ಅಂವ ಬಂದಾನೇನು ಅಂತ ನೋಡ್ತಾರ. ಅಂವನ್ನ ಇವರಿಂದ ದೂರ ಹಾಕಬ್ಯಾಡ್ರಿ."

ಆ ಮಾತು ನನಗೆ ಅವತ್ತು ತಿಳಿಯಿತೋ ಇಲ್ಲವೋ ಹೇಳಲಾರೆ. ಕೈಯಲ್ಲಿ ಕೊಡೆ ಇತ್ತು. ಅದರ ಹಿಡಿಕೆ ಸಡಿಲವಾಗಿತ್ತು, ಅದನ್ನು ತಿರುಗಿಸುತ್ತಾ ನಿಂತಿದ್ದೆ. ಮುರುಗೆಪ್ಪನವರು ನಮಸ್ಕಾರ ಮಾಡಿ ಪೂಲಿನ ಕಡೆ ನಡೆದರು. ಅವರು ಹಿಂದಿರುಗಿ ನೋಡಲಿಲ್ಲ, ನಾವೂ ನಿಂತು ನೋಡಲಿಲ್ಲ. ತಾಸಿಗೆ ತಡವಾಗಿತ್ತು.

ಆ ವರ್ಗದಲ್ಲಿ ಅವರದೇ ಒಂಬತ್ತು ಮಂದಿ ಇದ್ದರು. ಫೆಲೋ ಖಾಲಿ ಜಾಗ ತೋರಿಸಿ, ಒಬ್ಬೊಬ್ಬರು ಒಂದೊಂದು ಕಡೆ ಹಂಚಿಕೊಂಡು ಕುಳಿತುಕೊಳ್ಳಿ, ಬೇಗ ಪರಿಚಯವಾಗುತ್ತದೆ ಎಂದ. ಅವಧೂತ ಹೋಗಿ ಎರಡನೆಯ ಸಾಲಿನ ಬೆಂಚಿನ ಮೇಲೆ ಕುಳಿತ. ಪಂಢರಿನಾಥ ಅವನ ಪಕ್ಕ ಕುಳಿತ. ನಾನು ಅದರ ತುದಿಯಲ್ಲಿ ಅರ್ಧ ಕುಳಿತು ಅರ್ಧ ನಿಂತೆ. ಗೋದಾಳಿಗೆ ಗೋಡೆಯ ಹತ್ತಿರ ಹೆಂಗಸರ ಬೆಂಚು ಬೇರೆ ಇತ್ತು. ಅವಳು ಅದರ ಒಂದು ತುದಿಯನ್ನು ಎರಡೂ ಕೈಯಿಂದ ಹಿಡಿದು ನಮ್ಮ ಬೆಂಚಿನ ಮುಂದಕ್ಕೆ ಎಳೆದಳು. ಕಲ್ಲಿನ ನೆಲ, ದೊಡ್ಡ ಸದ್ದಾಯಿತು. ಒಂಬತ್ತು ಮಂದಿಯೂ ತಿರುಗಿ ನೋಡಿದರು.

"ಫಳಾ ಕಾಣಸಂಗಿಲ್ಲ ಸರ್," ಎಂದಳು ಗೋದಾ, ಮತ್ತು ಕುಳಿತಳು.

ಫೆಲೋ ಸೀಮೆಸುಣ್ಣ ಮುರಿದು, ಪಾಠ ಶುರು ಮಾಡಿದ.